ಅಮೃತಮತಿಗೆ ಬೇಕಾಗಿದ್ದು ಪ್ರೀತಿಯಾ, ಅಧಿಕಾರವಾ?

ಪ್ರಶ್ನೆ: ಉಡುಪಿಯಲ್ಲಿ ನಾವೊಂದಿಷ್ಟು ಜನ ಸೇರಿ ಹಳೆ ಕಾವ್ಯ ಓದ್ತಾ ಇದ್ದೇವೆ. ಈ ಸಲ ಜನ್ನನ ಯಶೋಧರ ಚರಿತೆ. ಅಮೃತಮತಿ ವಿಷಯದಲ್ಲಿ ನಮ್ಮಲ್ಲಿ ಎರಡು ಪಾರ್ಟಿ ಆಗಿದೆ. ಅವಳದ್ದು ಬರೀ ಕಾಮ ಅಂತ ಒಬ್ರು, ಅಲ್ಲ ಅದು ಸ್ವಾತಂತ್ರ್ಯದ ಆಸೆ ಅಂತ ಇನ್ನೊಬ್ರು. ಪಟ್ಟದ ರಾಣಿಗೆ ಎಲ್ಲಾ ಅಧಿಕಾರ ಇತ್ತಲ್ಲ, ಮತ್ತೆ ಮಾವುತನ ಹತ್ರ ಯಾಕೆ ಹೋದ್ಲು? ಇಂಗ್ಲಿಷ್ ಎಂಎ ಮಾಡಿದ ಗೆಳತಿ ಒಬ್ಬಳು ಹಳೆ ಇಂಗ್ಲಿಷ್ ಕವಿ ಚಾಸರನ ಕತೆ ಹೇಳಿದ್ಲು, ಅಲ್ಲಿ ಹೆಂಗಸಿಗೆ ಬೇಕಾಗಿರೋದು ಗಂಡನ ಮೇಲೆ ಹಿಡಿತ ಅಂತ ನೇರ ಉತ್ತರವೇ ಉಂಟಂತೆ. ನಮ್ಮ ಕಡೆ ಹಾಗೆ ಹೇಳಿದವರು ಯಾರೂ ಇಲ್ವಾ? ಅಮೃತಮತಿಯ ಭಾಗವನ್ನು ಏಕಪಾತ್ರವಾಗಿ ಮಾಡುವ ಯೋಚನೆಯೂ ಉಂಟು, ಅದಕ್ಕೂ ಏನಾದ್ರೂ ಹೇಳಿ.

ಉತ್ತರ: ನಿಮ್ಮ ಎರಡೂ ಪಾರ್ಟಿಯವರು ಕಾವ್ಯವನ್ನ ಅರ್ಧರ್ಧ ಓದಿದ್ದಾರೆ ಅಂತ ನನಗೆ ಅನ್ನಿಸ್ತದೆ. ಕಾಮ ಅನ್ನುವವರು ದಾಸಿಯ ಹತ್ರ ಅವಳು ಆಡುವ ಮಾತನ್ನ ಸರಿಯಾಗಿ ಕೇಳಿಸಿಕೊಂಡಿಲ್ಲ, ಸ್ವಾತಂತ್ರ್ಯ ಅನ್ನುವವರು ವಿಷದ ಊಟವನ್ನ ಬಿಟ್ಟು ಮುಂದೆ ಹೋಗಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡ್ರೆ ಮಾತ್ರ ಇವಳು ಯಾರು ಅಂತ ಗೊತ್ತಾಗೋದು.

ಮೊದಲು ಕತೆಯನ್ನ ಚುಟುಕಾಗಿ ಹೇಳ್ತೇನೆ, ಕಾವ್ಯ ಓದದವರಿಗೂ ಗೊತ್ತಾಗ್ಲಿ. 1209ರಲ್ಲಿ ಹೊಯ್ಸಳರ ಆಸ್ಥಾನದ ಕವಿ ಜನ್ನ ಬರೆದದ್ದು, ಹೆಚ್ಚುಕಮ್ಮಿ ಪೂರಾ ಕಂದಪದ್ಯದಲ್ಲಿ, ಸಣ್ಣ ಕಾವ್ಯ. ಕತೆ ಅವನ ಸ್ವಂತದ್ದಲ್ಲ, ಜೈನರಲ್ಲಿ ಬಹಳ ಹಳೇದು, ಸೋಮದೇವ, ವಾದಿರಾಜ ಎಲ್ಲ ಸಂಸ್ಕೃತದಲ್ಲಿ ಮೊದಲೇ ಹೇಳಿದ್ದಾರೆ. ಉಜ್ಜಯಿನಿಯ ರಾಜ ಯಶೋಧರ, ಅವನ ರಾಣಿ ಅಮೃತಮತಿ, ತಾಯಿ ಚಂದ್ರಮತಿ. ಒಂದು ಬೆಳಗಿನ ಜಾವ ಆನೆಲಾಯದಿಂದ ಹಾಡು ಕೇಳಿ ರಾಣಿಯ ಮನಸ್ಸು ಆ ಹಾಡಿದವನ ಹಿಂದೆ ಹೋಗ್ತದೆ. ಅವನು ಮಾವುತ ಅಷ್ಟಾವಂಕ, ಮೈಯೆಲ್ಲ ವಕ್ರ, ನೋಡ್ಲಿಕ್ಕೆ ಕುರೂಪಿ. ಒಂದಿನ ರಾಜ ಅವಳ ಹಿಂದೆಯೇ ಹೋಗಿ ಕಣ್ಣಾರೆ ನೋಡ್ತಾನೆ, ಕತ್ತಿ ಎತ್ತಿದವ ಕೊಲ್ಲದೆ ವಾಪಸ್ ಬರ್ತಾನೆ. ತಾಯಿಗೆ ನಿಜ ಹೇಳ್ಲಿಕ್ಕೆ ಆಗದೆ ಕೆಟ್ಟ ಕನಸು ಬಿತ್ತು ಅಂತಾನೆ, ತಾಯಿ ಹಾಗಾದ್ರೆ ದೇವಿಗೆ ಬಲಿ ಕೊಡು ಅಂತಾಳೆ, ಇವನು ಜೀವ ತೆಗೆಯೋದಿಲ್ಲ ಅಂತ ಹಠ ಹಿಡಿದು ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯೋದು ಅಂತ ರಾಜಿ ಆಗ್ತದೆ, ಕಡಿಯುವಾಗ ಆ ಹಿಟ್ಟಿನ ಕೋಳಿ ಕೂಗಿಬಿಡ್ತದೆ. ಆಮೇಲೆ ರಾಜ್ಯ ಬಿಟ್ಟು ತಪಸ್ಸಿಗೆ ಹೊರಟ ಗಂಡನಿಗೂ ಅತ್ತೆಗೂ ಅಮೃತಮತಿ ವಿಷ ಹಾಕಿ ಕೊಲ್ತಾಳೆ. ತಾಯಿ ಮಗ ಇಬ್ರೂ ಪ್ರಾಣಿಪಕ್ಷಿಗಳಾಗಿ ಜನ್ಮದ ಮೇಲೆ ಜನ್ಮ ಎತ್ತಿ, ಕೊನೆಗೆ ಅಭಯರುಚಿ, ಅಭಯಮತಿ ಅನ್ನುವ ಅಣ್ಣತಂಗಿಯರಾಗಿ ಹುಟ್ಟಿ, ಮಾರಿಗೆ ನರಬಲಿ ಕೊಡ್ಲಿಕ್ಕೆ ನಿಂತ ಮಾರಿದತ್ತನ ಮುಂದೆ ಈ ಕತೆಯನ್ನೆಲ್ಲ ಹೇಳ್ತಾರೆ. ಕಾರ್ನಾಡರ ಹಿಟ್ಟಿನ ಹುಂಜ ನಾಟಕ ನೋಡಿದವರಿಗೆ ಇದರ ಗುರುತು ಇದ್ದೇ ಇರ್ತದೆ.

ಈಗ ನಿಮ್ಮ ಪ್ರಶ್ನೆ. ರಾಣಿಗೆ ಎಲ್ಲಾ ಅಧಿಕಾರ ಇತ್ತಲ್ಲ ಅಂತ ಕೇಳಿದ್ರಿ. ಇತ್ತಾ? ಕಾವ್ಯದಲ್ಲಿ ಹುಡುಕಿ ನೋಡಿ. ರಾಜ ಅವಳನ್ನ ಬಹಳ ಪ್ರೀತಿಸ್ತಾನೆ, ಅದರಲ್ಲಿ ಡೌಟೇ ಇಲ್ಲ, ಅವನು ಕೆಟ್ಟ ಗಂಡನೂ ಅಲ್ಲ. ಆದ್ರೆ ಆ ಮದುವೆಯಲ್ಲಿ ಅವಳು ಸ್ವಂತವಾಗಿ ನಿರ್ಧಾರ ಮಾಡಿದ ಒಂದೇ ಒಂದು ವಿಷಯ ನಿಮಗೆ ಸಿಗೋದಿಲ್ಲ. ಪಟ್ಟ ಇದೆ, ಒಡವೆ ಇದೆ, ಹಾಸಿಗೆ ಇದೆ. ಅವಳು ತಾನಾಗಿ ಮಾಡುವ ಮೊದಲ ಆಯ್ಕೆ ಆ ಹಾಡಿಗೆ ಕಿವಿ ಕೊಟ್ಟು, ಹಾಡಿದವ ಯಾರು ನೋಡಿಕೊಂಡು ಬಾ ಅಂತ ದಾಸಿಯನ್ನ ಕಳಿಸೋದು. ಮುಖ ನೋಡುವ ಮೊದಲೇ ಮನಸ್ಸು ಕೊಟ್ಟಾಗಿದೆ. ದಾಸಿ ಹೋಗಿ ನೋಡಿ ಹೇಸಿಕೊಂಡು ಬಂದು, ಅಂಥವನನ್ನ ಹೇಗೆ ಮೆಚ್ಚಿದಿರಿ ಅಂತ ಕೇಳ್ತಾಳೆ. ಆಗ ಅಮೃತಮತಿ ಕೊಡುವ ಉತ್ತರ ಉಂಟಲ್ಲ, ಇಡೀ ಹಳಗನ್ನಡದಲ್ಲಿ ಒಬ್ಬ ಹೆಂಗಸು ತನ್ನ ಆಸೆಯ ಪರವಾಗಿ ಇಷ್ಟು ಗಟ್ಟಿಯಾಗಿ ವಾದ ಮಾಡಿದ್ದು ನಾನಂತೂ ಬೇರೆ ಕಡೆ ಓದಿಲ್ಲ.

"ಕರಿದಾದೊಡೆ ಕತ್ತುರಿಯಂ" ಅಂತ ಶುರುವಾಗುವ ಪದ್ಯ ಅದು. ಕಪ್ಪು ಅಂತ ಕಸ್ತೂರಿಯನ್ನ, ಮುರುಟಿದೆ ಅಂತ ಗಂಧದ ಕೊರಡನ್ನ, ಡೊಂಕು ಅಂತ ಮನ್ಮಥನ ಬಿಲ್ಲನ್ನ ಯಾರಾದ್ರೂ ಬೇಡ ಅಂತಾರಾ, ಮರುಳೇ, ಪ್ರೀತಿಸಿದವರ ಮೈಯಲ್ಲಿ ಕುಂದೇ ಚಂದ ಅಂತಾಳೆ. ಒಲವು ಹುಟ್ಟಿದ ಮೇಲೆ ರೂಪದ ಗೊಡವೆ ಎಂತಕ್ಕೆ, ನನಗೆ ಅವನೇ ಕುಲದೈವ, ಅವನೇ ಕಾಮ, ಅವನೇ ಇಂದ್ರ, ಅವನೇ ಚಂದ್ರ ಅಂತಾಳೆ. ಇದನ್ನ ಕುರುಡು ಕಾಮ ಅನ್ನೋದು ಹೇಗೆ? ಕಾಮ ಇಲ್ಲ ಅಂತ ನಾನು ಹೇಳ್ತಾ ಇಲ್ಲ, ಖಂಡಿತ ಉಂಟು, ಆದ್ರೆ ಚಂದ ಯಾವುದು ಅಂತ ತೀರ್ಮಾನ ಮಾಡುವ ಹಕ್ಕು ನನ್ನದು ಅನ್ನುವ ಮಾತು ಇದು. ಅರಮನೆ ಚಂದ ಅಂದದ್ದನ್ನ ಅವಳು ಚಂದ ಅಂತ ಒಪ್ಪೋದಿಲ್ಲ. ನನ್ನ ಲೆಕ್ಕದಲ್ಲಿ ಅವಳು ಮೊದಲು ಬಯಸಿದ ಅಧಿಕಾರ ಇದೇ, ಸಿಂಹಾಸನ ಆಮೇಲೆ ಬರ್ತದೆ. ಜನ್ನ ಜೈನ ಕವಿ, ಅವನಿಗೆ ಇವಳನ್ನ ಸಮರ್ಥಿಸುವ ಯಾವ ಜರೂರತ್ತೂ ಇರ್ಲಿಲ್ಲ, ಆದ್ರೂ ತನ್ನ ಕಾವ್ಯದ ಅತ್ಯುತ್ತಮ ಪದ್ಯಗಳನ್ನ ಇವಳ ಬಾಯಿಗೆ ಕೊಟ್ಟಿದ್ದಾನೆ, ಇದನ್ನ ನಾನು ತುಂಬಾ ದೊಡ್ಡ ವಿಷಯ ಅಂತ ತಿಳ್ಕೊಂಡವ.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಮೋಸ ಆಗ್ತದೆ. ಮುಂದಿನ ದೃಶ್ಯ ಎಂತದು? ಅವಳು ಬರ್ಲಿಕ್ಕೆ ತಡ ಆಯ್ತು ಅಂತ ಮಾವುತ ಅವಳನ್ನ ಹೊಡೀತಾನೆ. ಅವಳು ಕಾಲಿಗೆ ಬಿದ್ದು, ನೀನು ಬಿಟ್ರೆ ಸಾಯ್ತೇನೆ, ಉಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರ ಹಾಗೆ ಅಂತಾಳೆ. ಆ ಉಳಿದ ಗಂಡಸರಲ್ಲಿ ಅವಳ ಗಂಡನೂ ಸೇರಿದ, ಅವನು ಅಲ್ಲೇ ಕತ್ತಲಲ್ಲಿ ನಿಂತು ಕೇಳಿಸ್ಕೊಳ್ತಾ ಇದ್ದಾನೆ. ಈ ಜಾಗ ಓದುವಾಗ ನನಗೆ ಪ್ರತಿ ಸಲ ಹೊಟ್ಟೆ ಹಿಂಡಿದ ಹಾಗೆ ಆಗ್ತದೆ. ತಾನೇ ಆಯ್ದುಕೊಂಡ ಜಾಗದಲ್ಲಿ ಅವಳಿಗೆ ಸಿಕ್ಕಿದ್ದು ಪೆಟ್ಟು. ಸ್ವಾತಂತ್ರ್ಯದ ಪಾರ್ಟಿಯವರು ಇದಕ್ಕೆ ಉತ್ತರ ಹೇಳ್ಬೇಕು. ಆಯ್ಕೆ ಅವಳದ್ದು ಅನ್ನೋದು ನಿಜ, ಆ ಆಯ್ಕೆ ಅವಳನ್ನ ಎತ್ತಿ ನಿಲ್ಲಿಸಲಿಲ್ಲ ಅನ್ನೋದೂ ಅಷ್ಟೇ ನಿಜ.

ನಿಮ್ಮ ಗೆಳತಿ ಹೇಳಿದ ಚಾಸರನನ್ನ ಇಲ್ಲಿಗೆ ತರ್ತೇನೆ, ಯಾಕಂದ್ರೆ ಅಲ್ಲೂ ಒಂದು ಪೆಟ್ಟು ಉಂಟು. ಹದಿನಾಲ್ಕನೇ ಶತಮಾನದ ಕೊನೆಗೆ ಬರೆದ ಕ್ಯಾಂಟರ್‌ಬರಿ ಕತೆಗಳಲ್ಲಿ ಬಾತ್ ಊರಿನ ಒಬ್ಬಳು ಐದು ಮದುವೆ ಆದವಳು ಬರ್ತಾಳೆ. ಅವಳು ಹೇಳುವ ಕತೆಯಲ್ಲಿ ಅತ್ಯಾಚಾರ ಮಾಡಿದ ಒಬ್ಬ ಯೋಧನಿಗೆ ಮರಣದಂಡನೆ ಆಗಿರ್ತದೆ, ರಾಣಿ ಅವನಿಗೆ ಒಂದು ವರ್ಷ ಒಂದು ದಿನ ಟೈಮ್ ಕೊಟ್ಟು ಹೆಂಗಸರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ್ದು ಏನು ಅಂತ ತಿಳ್ಕೊಂಡು ಬಾ ಅಂತಾಳೆ. ಒಬ್ಬ ಮುದುಕಿ ಉತ್ತರ ಹೇಳಿಕೊಡ್ತಾಳೆ: ಗಂಡನ ಮೇಲೂ ಪ್ರಿಯನ ಮೇಲೂ ಒಡೆತನ. ಅದಕ್ಕೆ ಬದಲಾಗಿ ಅವನು ಮುದುಕಿಯನ್ನೇ ಮದುವೆ ಆಗ್ಬೇಕಾಗ್ತದೆ, ಕೊನೆಗೆ ನಿರ್ಧಾರ ನಿನ್ನದೇ ಅಂತ ಅವಳಿಗೇ ಬಿಟ್ಟುಕೊಟ್ಟಾಗ ಅವಳು ಸುಂದರ ಹುಡುಗಿ ಆಗ್ತಾಳೆ. ಇಲ್ಲಿವರೆಗೆ ಎಲ್ಲರೂ ಹೇಳ್ತಾರೆ. ಅದಾದ ಮೇಲೆ ಅವಳು ಎಲ್ಲದರಲ್ಲೂ ಅವನಿಗೆ ವಿಧೇಯಳಾಗಿ ನಡೆದುಕೊಂಡ್ಲು ಅಂತ ಒಂದು ಮಾತು ಬರ್ತದೆ, ಅದನ್ನ ನಿಮ್ಮ ಗೆಳತಿ ಹೇಳಿದ್ರಾ ಗೊತ್ತಿಲ್ಲ. ಹಾಗಾಗಿ ನೇರ ಉತ್ತರ ಅಂತ ನೀವು ತಿಳ್ಕೊಂಡದ್ದು ಅಷ್ಟು ನೇರ ಇಲ್ಲ, ಅಧಿಕಾರ ಕೈಗೆ ಬಂದ ಗಳಿಗೆಯಲ್ಲೇ ಅದನ್ನ ವಾಪಸ್ ಕೊಡಿಸ್ತಾನೆ ಕವಿ.

ನನಗೆ ಆ ಕತೆಗಿಂತ ಅದನ್ನ ಹೇಳುವವಳ ಸ್ವಂತ ಜೀವನ ಮುಖ್ಯ. ಅವಳ ಐದನೇ ಗಂಡ ದಿನಾ ರಾತ್ರಿ ಒಂದು ಪುಸ್ತಕ ಓದ್ತಾನೆ, ಅದರ ತುಂಬ ಕೆಟ್ಟ ಹೆಂಡತಿಯರ ಕತೆ. ತಡಕೊಳ್ಳಲಿಕ್ಕೆ ಆಗದೆ ಅವಳು ಹಾಳೆ ಕಿತ್ತು ಹಾಕ್ತಾಳೆ, ಅವನು ಹೊಡೆದ ಪೆಟ್ಟಿಗೆ ಅವಳ ಒಂದು ಕಿವಿ ಕೇಳದೆ ಆಗ್ತದೆ. ಆಮೇಲೆ ರಾಜಿ ಆಗಿ ಮನೆ ಜಮೀನಿನ ಯಜಮಾನಿಕೆ ಇವಳಿಗೆ ಸಿಗ್ತದೆ, ಪುಸ್ತಕ ಬೆಂಕಿಗೆ ಹೋಗ್ತದೆ. ಆ ಕತೆಗಳನ್ನ ಹೆಂಗಸರು ಬರೆದಿದ್ರೆ ಗಂಡಸರ ಬಗ್ಗೆ ಏನೆಲ್ಲ ಬರೀತಿದ್ರು ನೋಡಿ ಅಂತಾಳೆ ಅವಳು. ಈ ಮಾತು ಕೂಡ ಒಬ್ಬ ಗಂಡಸು ಕವಿ ಬರೆದದ್ದೇ, ಇರ್ಲಿ, ಪ್ರಶ್ನೆ ಮಾತ್ರ ಸರಿಯಾದ್ದು. ಹೆಂಗಸಿಗೆ ಏನು ಬೇಕಿತ್ತು ಅಂತ ಕೇಳುವ ಮೊದಲು ಅವಳ ಕತೆಯನ್ನ ಹೇಳಿದ್ದು ಯಾರು, ಹಾಡಿದ್ದು ಯಾರು ಅಂತ ನೋಡ್ಬೇಕು. ಇದಕ್ಕೆ ಮತ್ತೆ ಬರ್ತೇನೆ.

ಈಗ ವಿಷದ ಭಾಗ. ಮಾರನೇ ದಿನ ರಾಜ ಸರಸದ ಹಾಗೆ ಅವಳಿಗೆ ಹೂವಲ್ಲಿ ಹೊಡೀತಾನೆ, ಅವಳು ಅದಕ್ಕೇ ಮೂರ್ಛೆ ಹೋದ ಹಾಗೆ ಬೀಳ್ತಾಳೆ. ಹಿಂದಿನ ರಾತ್ರಿ ಮಾವುತನ ಪೆಟ್ಟು ತಿಂದ ಮೈ ಅದು, ರಾಜನಿಗೂ ಗೊತ್ತು, ನಮಗೂ ಗೊತ್ತು. ತನ್ನ ಗುಟ್ಟು ಗಂಡನಿಗೆ ಗೊತ್ತಾಗಿದೆ ಅಂತ ಅವಳಿಗೆ ಅಂದಾಜಾದ ಮೇಲೆ ಕತೆ ಪ್ರೀತಿಯ ದಾರಿ ಬಿಟ್ಟು ರಾಜಕೀಯದ ದಾರಿ ಹಿಡೀತದೆ. ಗಂಡ ತಪಸ್ಸಿಗೆ ಹೊರಟಿದ್ದಾನೆ, ಸುಮ್ಮನೆ ಬಿಟ್ಟಿದ್ರೆ ಅವನು ಹೋಗ್ತಿದ್ದ, ಪ್ರೀತಿ ಮಾತ್ರ ಬೇಕಾಗಿದ್ರೆ ಅವಳಿಗೆ ದಾರಿ ಖಾಲಿ ಆಗ್ತಿತ್ತು! ಆದ್ರೆ ಅವಳು ಅವನನ್ನ ಊಟಕ್ಕೆ ಕೂರಿಸ್ತಾಳೆ, ಜೊತೆಗೆ ಅತ್ತೆಯನ್ನೂ. ಅತ್ತೆ ಯಾಕೆ? ಅರಮನೆಯಲ್ಲಿ ಮಗನ ಮಾತನ್ನೂ ಮೀರಿಸಿ ಬಲಿ ಮಾಡಿಸಿದವಳು ಚಂದ್ರಮತಿ, ನಿಜವಾದ ಹಿಡಿತ ಇದ್ದದ್ದು ಅವಳ ಕೈಯಲ್ಲಿ. ಇಬ್ರೂ ಹೋದ ಮೇಲೆ ಸಿಂಹಾಸನಕ್ಕೆ ಬರೋದು ಅಮೃತಮತಿಯ ಮಗ ಯಶೋಮತಿ. ಅತ್ತೆ ಇದ್ದ ಜಾಗಕ್ಕೆ, ರಾಜಮಾತೆಯ ಜಾಗಕ್ಕೆ, ಈಗ ಇವಳು. ಇದನ್ನ ಜನ್ನ ಬಿಡಿಸಿ ಹೇಳೋದಿಲ್ಲ, ಘಟನೆಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ನನಗೆ ಕಾಣೋದು ಹೀಗೆ. ರಾಜನಿಗೆ ಕತ್ತಿ ಇತ್ತು, ಸೈನ್ಯ ಇತ್ತು. ಅತ್ತೆಗೆ ದೇವಸ್ಥಾನ, ಸೊಸೆಗೆ ಮಲಗುವ ಕೋಣೆ ಮತ್ತು ಅಡುಗೆಮನೆ. ಇದ್ದ ಜಾಗದಿಂದಲೇ ಇಬ್ರೂ ರಾಜ್ಯದ ಗತಿ ತಿರುಗಿಸಿದ್ರು. ಅವಳು ಮಾಡಿದ್ದು ಕೊಲೆ, ಅದಕ್ಕೆ ಬೇರೆ ಹೆಸರಿಲ್ಲ, ಆದ್ರೆ ಕಾಮದ ಹುಚ್ಚಿನಲ್ಲಿ ಮಾಡಿದ ಕೊಲೆ ಅಲ್ಲ, ಲೆಕ್ಕ ಹಾಕಿ ಮಾಡಿದ್ದು.

ಇನ್ನೊಂದು ವಿಷಯ, ನಿಮ್ಮ ಚರ್ಚೆಯಲ್ಲಿ ಬಂದಿರ್ಲಿಕ್ಕಿಲ್ಲ. ಅಮೃತಮತಿ ನರಕಕ್ಕೆ ಹೋಗ್ತಾಳೆ, ಸರಿ. ಆದ್ರೆ ಕಾವ್ಯದ ಮುಕ್ಕಾಲು ನೋವು ಯಾರ ಪಾಲಿಗೆ? ನವಿಲಾಗಿ ನಾಯಿಯಾಗಿ, ಮೀನಾಗಿ ಮೊಸಳೆಯಾಗಿ, ಆಡಾಗಿ, ಕೋಳಿಗಳಾಗಿ ಮತ್ತೆ ಮತ್ತೆ ಸಾಯುವವರು ಯಶೋಧರ ಮತ್ತು ಚಂದ್ರಮತಿ, ಅದೂ ಒಂದು ಹಿಟ್ಟಿನ ಕೋಳಿ ಕಡಿದದ್ದಕ್ಕೆ, ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ. ಜನ್ನನಿಗೆ ದೊಡ್ಡ ಪಾಪ ಹಿಂಸೆ. ರಾಣಿಯ ಪ್ರಣಯದ ಬಗ್ಗೆ ಅವನು ಹೇಳುವ ಪ್ರಸಿದ್ಧ ಸಾಲು "ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ". ಮನ್ಮಥನ ಮಾಯೆಗೆ ವಿಧಿಯ ಬೆಂಬಲವೂ ಸಿಕ್ಕಿದ್ರೆ ಮನುಷ್ಯರನ್ನ ಕೊಂದು ಕೇಕೆ ಹಾಕದೆ ಇರ್ತದಾ ಅಂತ. ನರರಂ ಅಂದದ್ದು, ಗಂಡಸರು ಹೆಂಗಸರು ಎಲ್ಲ ಸೇರಿ. ಹೆಂಗಸರೇ ಹೀಗೆ ಅಂತ ಬೆರಳು ತೋರಿಸುವ ಮಾತು ಇದಲ್ಲ. ನಮ್ಮ ಊರುಗಳಲ್ಲಿ ಕೋಳಿ ಬಲಿ, ಕೋಳಿ ಅಂಕ ಎಲ್ಲ ಕಣ್ಣೆದುರೇ ನಡೆಯುವಂಥದ್ದು, ಹಾಗಾಗಿ ಆ ಹಿಟ್ಟಿನ ಕೋಳಿ ಕೂಗುವ ಪದ್ಯ ಇಲ್ಲಿನವರಿಗೆ ಬೇರೆಯದೇ ರೀತಿ ತಾಗ್ತದೆ, ನಿಮ್ಮ ಗುಂಪಲ್ಲಿ ಅದನ್ನ ಗಟ್ಟಿಯಾಗಿ ಓದಿ ನೋಡಿ.

ನಮ್ಮ ಕಡೆ ನೇರ ಹೇಳಿದವರು ಇಲ್ವಾ ಅಂದ್ರಿ. ಇದ್ದಾಳೆ, ಅಕ್ಕಮಹಾದೇವಿ. ಜನ್ನನಿಗಿಂತ ಹಿಂದೆ, ಹನ್ನೆರಡನೇ ಶತಮಾನ. ರಾಜ ಕೌಶಿಕ ಅವಳನ್ನ ಬಯಸ್ತಾನೆ. ಹರಿಹರನ ರಗಳೆಯಲ್ಲಿ ಅವಳು ಅರಮನೆಗೆ ಹೋಗ್ತಾಳೆ ಆದ್ರೆ ಷರತ್ತು ಹಾಕಿ, ನನ್ನ ಪೂಜೆಗೆ ನನ್ನ ಇಷ್ಟಕ್ಕೆ ಅಡ್ಡ ಬರಬಾರದು, ಮೂರು ತಪ್ಪಿನವರೆಗೆ ಸೈರಿಸ್ತೇನೆ ಅಂತ, ಮೂರನೇದಾದ ಕೂಡ್ಲೇ ಎಲ್ಲ ಬಿಟ್ಟು ಹೊರಟೇ ಹೋಗ್ತಾಳೆ. ಆಮೇಲೆ ಬಂದ ಚಾಮರಸ ತನ್ನ ಪ್ರಭುಲಿಂಗಲೀಲೆಯಲ್ಲಿ ಆ ಮದುವೆಯೇ ಆಗ್ಲಿಲ್ಲ ಅನ್ನುವ ಹಾಗೆ ಕತೆ ಕಟ್ಟಿದ. ಅವಳಿಗೆ ಮದುವೆ ಆಗಿತ್ತಾ ಇಲ್ವಾ ಅನ್ನೋದೇ ಕವಿಗಳಿಗೆ ತಲೆನೋವು, ಅವಳಿಗಲ್ಲ. ಅವಳು "ಸಾವಿಲ್ಲದ ಕೇಡಿಲ್ಲದ ರೂಪಿಲ್ಲದ ಚೆಲುವಂಗೆ ನಾನೊಲಿದೆ" ಅಂತ ಹೇಳಿ, ಈ ಸಾಯುವ ಕೆಡುವ ಗಂಡರನ್ನ ಒಲೆಯೊಳಗೆ ಹಾಕು ತಾಯಿ ಅಂದುಬಿಟ್ಟಳು. ರೂಪಿಲ್ಲದವನಿಗೆ ಒಲಿದವಳು ಅಕ್ಕ, ಕುರೂಪಿಗೆ ಒಲಿದವಳು ಅಮೃತಮತಿ, ಇಬ್ಬರೂ ಒಬ್ಬೊಬ್ಬ ರಾಜನನ್ನ ಬಿಟ್ಟವರು. ಒಬ್ಬಳನ್ನ ಪೂಜಿಸಿದೆವು, ಒಬ್ಬಳನ್ನ ನರಕಕ್ಕೆ ಕಳಿಸಿದೆವು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಿ ಅಂತ ನಾನು ಹೇಳೋದಿಲ್ಲ, ಒಬ್ಬಳು ಯಾರನ್ನೂ ಕೊಲ್ಲಲಿಲ್ಲ. ಆದ್ರೆ ಹೊರಡುವ ಹಕ್ಕು ನನ್ನದು ಅನ್ನೋದನ್ನ ದೇವರ ಹೆಸರಲ್ಲಿ ಕೇಳಿದ್ರೆ ಒಪ್ತೇವೆ, ಮನುಷ್ಯನ ಹೆಸರಲ್ಲಿ ಕೇಳಿದ್ರೆ ಒಪ್ಪೋದಿಲ್ಲ, ಇದನ್ನ ನಿಮ್ಮ ಗುಂಪಲ್ಲಿ ಚರ್ಚೆಗೆ ಇಡ್ಬಹುದು.

ದ್ರೌಪದಿಯನ್ನೂ ಸೇರಿಸಿಕೊಳ್ಳಿ, ಚುಟುಕಾಗಿ. ಕುಮಾರವ್ಯಾಸನಲ್ಲಿ ಕೀಚಕನ ಕಾಟ ತಡೀಲಿಕ್ಕಾಗದೆ ರಾತ್ರಿ ಅವಳು ಐದು ಗಂಡಂದಿರಲ್ಲಿ ಯಾರ ಹತ್ರ ಹೋಗ್ಬೇಕು ಅಂತ ಯೋಚಿಸಿ ಆರಿಸಿ ಭೀಮನ ಹತ್ರವೇ ಹೋಗ್ತಾಳೆ, "ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ" ಅಂತ ಚುಚ್ಚಿ ಎಬ್ಬಿಸ್ತಾಳೆ. ಪ್ರೀತಿ ಯಾರಲ್ಲಿ ಉಂಟು, ಅದರಿಂದ ಏನು ಕೆಲಸ ಆಗ್ತದೆ, ಎರಡೂ ಗೊತ್ತಿದ್ದವಳು. ಯಕ್ಷಗಾನದಲ್ಲಿ ಕೀಚಕ ವಧೆ ಆಟ ನೋಡಿದವರಿಗೆ ಹೆಚ್ಚು ವಿವರಿಸುವ ಅಗತ್ಯ ಇಲ್ಲ.

ಇನ್ನು ಯಾರು ಹಾಡಿದ್ರು ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಉಡುಪಿಯ ಆಸುಪಾಸಲ್ಲೇ ಉಂಟು, ಹಿರಿಯಡ್ಕದಲ್ಲಿ, ನಂದಳಿಕೆಯಲ್ಲಿ, ಕವತ್ತಾರಿನಲ್ಲಿ. ಸಿರಿ. ತುಳುವಿನ ಸಿರಿ ಪಾಡ್ದನವನ್ನ, ಅಂದ್ರೆ ಅವಳ ಕತೆ ಹೇಳುವ ಜನಪದ ಹಾಡನ್ನ, ಮಧ್ಯಕಾಲದ್ದು ಅಂತ ನಾನು ಮುದ್ರೆ ಒತ್ತೋದಿಲ್ಲ, ಬಾಯಿಂದ ಬಾಯಿಗೆ ಬಂದದ್ದಕ್ಕೆ ಇಸವಿ ಹಾಕ್ಲಿಕ್ಕೆ ಬರೋದಿಲ್ಲ, ಆದ್ರೆ ಅಮೃತಮತಿಯ ಪಕ್ಕ ಇಡ್ಲಿಕ್ಕೆ ಇದಕ್ಕಿಂತ ಒಳ್ಳೆ ಕತೆ ಇಲ್ಲ. ಸತ್ಯನಾಪುರದ ಬೆರ್ಮ ಆಳ್ವನ ಮೊಮ್ಮಗಳು ಸಿರಿ, ಬಸರೂರಿನ ಕಾಂತು ಪೂಂಜನಿಗೆ ಕೊಟ್ಟ ಹೆಣ್ಣು. ಅವಳ ಬಯಕೆ ಮದುವೆಗೆ, ಅಂದ್ರೆ ಸೀಮಂತಕ್ಕೆ, ಅಂತ ತಂದ ಸೀರೆಯನ್ನ ಗಂಡ ಮೊದಲು ಸೂಳೆ ಸಿದ್ದುವಿಗೆ ಉಡಿಸಿರ್ತಾನೆ. ಸಿರಿ ಆ ಸೀರೆಯನ್ನ ತುಂಬಿದ ಸಭೆಯಲ್ಲಿ ಬೇಡ ಅಂತಾಳೆ. ಅಜ್ಜ ತೀರಿಕೊಂಡ ಮೇಲೆ ಆಸ್ತಿಯ ತಕರಾರು ಬರ್ತದೆ, ಲಂಚ ತಿಂದ ಪಂಚಾತಿಕೆಯಲ್ಲಿ ಅವಳ ಹಕ್ಕು ಹೋಗ್ತದೆ. ಅವಳು ಗಂಡನಿಗೆ ಬರ ಹೇಳಿ, ಅಂದ್ರೆ ಮದುವೆ ಕಡಿದುಕೊಂಡು, ಶಾಪ ಕೊಟ್ಟು, ಮಗು ಎತ್ತಿಕೊಂಡು ಕೆಲಸದವಳು ದಾರುವಿನ ಜೊತೆ ನಡೆದು ಹೋಗ್ತಾಳೆ. ಆಮೇಲೆ ಕೊಟ್ರಾಡಿಯ ಕೊಡ್ಸರ ಆಳ್ವನನ್ನ ಎರಡನೇ ಮದುವೆಯೂ ಆಗ್ತಾಳೆ. ನೋಡಿ, ಪ್ರೀತಿಯ ಅವಮಾನ ಮತ್ತು ಆಸ್ತಿಯ ಹಕ್ಕು ಎರಡೂ ಒಂದೇ ಕತೆಯಲ್ಲಿ, ಅವನ್ನ ಬೇರೆ ಮಾಡ್ಲಿಕ್ಕೇ ಆಗೋದಿಲ್ಲ. ಗಂಡನನ್ನ ಬಿಟ್ಟದ್ದಕ್ಕೆ, ಮತ್ತೆ ಮದುವೆ ಆದದ್ದಕ್ಕೆ ಪಾಡ್ದನ ಇವಳನ್ನ ನರಕಕ್ಕೆ ಕಳಿಸಿತಾ? ಇಲ್ಲ, ಅವಳು ಇಲ್ಲಿ ಶಕ್ತಿ, ವರ್ಷವರ್ಷ ಸಿರಿ ಜಾತ್ರೆಯಲ್ಲಿ ನೂರಾರು ಹೆಂಗಸರ ಮೈಮೇಲೆ ಬರ್ತಾಳೆ.

ಯಾಕೆ ಈ ವ್ಯತ್ಯಾಸ? ಜನ್ನ ಆಸ್ಥಾನದಲ್ಲಿ ಬರೆದ, ಪಾಡ್ದನವನ್ನ ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಹೆಂಗಸರು ಹಾಡಿದ್ರು ಅಂತ ನಾನು ಹೇಳ್ತೇನೆ. ಆದ್ರೆ ಅಷ್ಟು ಸುಲಭಕ್ಕೆ ಮುಗಿಸ್ಲಿಕ್ಕೂ ಬರೋದಿಲ್ಲ, ಯಾಕಂದ್ರೆ 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಜೊತೆಯವರು ದಾಖಲೆ ಮಾಡಿದ, 15,683 ಸಾಲಿನ ಸಿರಿ ಕಾವ್ಯವನ್ನ ಹಾಡಿದ್ದು ಗೋಪಾಲ ನಾಯ್ಕರು, ಗಂಡಸು. ಹಾಡುವವ ಗಂಡಸಾದ್ರೂ ಆ ಕತೆ ಬೆಳೆದದ್ದು ಹೆಂಗಸರ ಮಧ್ಯೆ, ಹೊಲದಲ್ಲಿ ಜಾತ್ರೆಯಲ್ಲಿ ಅದನ್ನ ಕೇಳಿ ಅಳುವವರು ಅವರು, ಅವರೆದುರು ಸಿರಿಯನ್ನ ತಪ್ಪಿತಸ್ಥೆ ಮಾಡಿ ಹಾಡಿದ್ರೆ ಯಾರು ಕೇಳ್ತಾರೆ? ಇನ್ನೊಂದು, ಅಳಿಯಕಟ್ಟಿನ ಊರು ಇದು, ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬಂದ ಮನೆಗಳು. ಹದಿಮೂರನೇ ಶತಮಾನದ ಕೊನೆಗೆ ಬಾರಕೂರಿನಲ್ಲಿ ಆಳುಪ ರಾಜವಂಶದ ಬಲ್ಲಮಹಾದೇವಿ ರಾಜರ ಬಿರುದುಗಳನ್ನೇ ಹಾಕಿಕೊಂಡು ಆಳಿದ ಊರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದಾಗ ಉಳ್ಳಾಲದ ರಾಣಿಯನ್ನ ನೋಡಿದ್ದು ಬೀದಿಯಲ್ಲಿ, ಬರಿಗಾಲಲ್ಲಿ ನೀರಿನ ಕಾಲುವೆಯ ಕೆಲಸ ನೋಡ್ಲಿಕ್ಕೆ ಹೊರಟವಳನ್ನ. ಅವಳು ಬಂಗ ಮನೆತನದ ಅರಸನನ್ನ ಮದುವೆಯಾಗಿ, ಬೇಡ ಅನ್ನಿಸಿದಾಗ ಅವನ ಒಡವೆ ವಾಪಸ್ ಕಳಿಸಿ ಬಿಟ್ಟದ್ದನ್ನೂ ದೆಲ್ಲಾ ವಾಲೆ ಬರೆದಿದ್ದಾನೆ. ಇದು ಚರಿತ್ರೆ, ಕಾವ್ಯ ಅಲ್ಲ. ಆದ್ರೆ ಗಂಡನನ್ನ ಬಿಟ್ಟ ಹೆಣ್ಣು ಬದುಕಿ ಆಳಬಹುದು ಅಂತ ಕಣ್ಣಾರೆ ಕಂಡ ಜನರ ಹಾಡು, ಅದನ್ನ ಕಾಣದ ಕಡೆಯ ಹಾಡಿನ ಹಾಗೆ ಇರ್ಲಿಕ್ಕೆ ಸಾಧ್ಯ ಇಲ್ಲ. ಅಮೃತಮತಿಗೆ ಬರ ಹೇಳಿ ಎದ್ದು ಹೋಗುವ ದಾರಿ ಇರ್ಲಿಲ್ಲ. ವಿಷವನ್ನ ನಾನು ಕ್ಷಮಿಸೋದಿಲ್ಲ, ಆದ್ರೆ ಆ ಅರಮನೆಗೆ ಹೊರಗೆ ಹೋಗುವ ಬಾಗಿಲು ಇರ್ಲಿಲ್ಲ ಅನ್ನೋದನ್ನ ಮರೀಲಿಕ್ಕೂ ಆಗೋದಿಲ್ಲ.

ಹಾಗಾಗಿ ಪ್ರೀತಿಯಾ ಅಧಿಕಾರವಾ ಅಂದ್ರೆ, ಹಾಡು ಕೇಳಿದ ಬೆಳಗ್ಗೆ ಅವಳಿಗೆ ಬೇಕಾಗಿದ್ದು ತನ್ನ ಮನಸ್ಸಿನ ಮೇಲೆ ತನ್ನ ಹಕ್ಕು, ಅದು ಪ್ರೀತಿಯ ರೂಪದಲ್ಲಿ ಬಂತು. ವಿಷ ಬಡಿಸಿದ ದಿನ ಬೇಕಾಗಿದ್ದು ಉಳಿದುಕೊಳ್ಳುವ ಬಲ, ಅದಕ್ಕೆ ಬೇರೆಯವರ ಜೀವ ಬೆಲೆ ಆಯ್ತು.

ಏಕಪಾತ್ರದ ಬಗ್ಗೆ: ದಾಸಿ ಮಾವುತನನ್ನ ನೋಡಿ ಬಂದು ವರ್ಣಿಸುವ ಕಡೆಯಿಂದ ಶುರು ಮಾಡಿ, ಹಾಡನ್ನ ಮಾತ್ರ ಪ್ರೇಕ್ಷಕರಿಗೆ ಕೇಳಿಸಿ, ಅಷ್ಟಾವಂಕನನ್ನ ತೋರಿಸ್ಬೇಡಿ. ಕಸ್ತೂರಿಯ ಪದ್ಯ ಹಳಗನ್ನಡದಲ್ಲೇ ಇರ್ಲಿ, ಕಂದಪದ್ಯದ ನಡಿಗೆ ಅರ್ಥ ಪೂರಾ ಆಗದವರಿಗೂ ಮುಟ್ಟುತ್ತದೆ, ಬೇಕಾದ್ರೆ ಆಮೇಲೆ ಅವಳೇ ಆಡುಮಾತಲ್ಲಿ ಇನ್ನೊಮ್ಮೆ ಹೇಳ್ಲಿ. ಪೆಟ್ಟಿನ ದೃಶ್ಯವನ್ನ ಕಟ್ ಮಾಡ್ಬೇಡಿ, ಅದು ಹೋದ್ರೆ ಅವಳು ಬರೀ ಪೋಸ್ಟರ್ ಆಗ್ತಾಳೆ. ವಿಷದ ಊಟವನ್ನೂ ಬಿಡ್ಬೇಡಿ, ಅಲ್ಲಿ ಅಳು ಬೇಡ, ದನಿ ಎತ್ತರಿಸೋದೂ ಬೇಡ, ಗಂಡನಿಗೂ ಅತ್ತೆಗೂ ಎಲೆ ಹಾಕಿ ಬಡಿಸುವ ಗೃಹಿಣಿಯ ಸಾದಾ ದನಿಯಲ್ಲೇ ಮಾಡ್ಲಿ. ಪಾತ್ರ ಮಾಡುವವರು ಅದಕ್ಕೆ ಮುಂಚೆ ಒಂದು ಸಲ ಹಿರಿಯಡ್ಕದ ಸಿರಿ ಜಾತ್ರೆಗೆ ಹೋಗಿ ಅಲ್ಲಿನ ಹೆಂಗಸರ ದನಿ ಕೇಳಿಕೊಂಡು ಬಂದ್ರೆ ಒಳ್ಳೇದು.